ಅಂಗಡಿಯ ಫೋನಿನಲ್ಲಿ ನ್ಯಾವಿಗೇಷನ್ ಪಾಠ

ವಿಮಾನ ಓಡಿಸುವ ಲೈಸೆನ್ಸಿಗೆ ಬರೆಯಬೇಕಾದ ಥಿಯರಿ ಪರೀಕ್ಷೆಗಳಲ್ಲಿ ನಾನು ಎರಡು ಪಾಸಾಗಿ, ನ್ಯಾವಿಗೇಷನ್ನಿನಲ್ಲಿ ಫೇಲಾದೆ. ನಮ್ಮಪ್ಪ ಗುರುಶಾಂತಪ್ಪನಿಗೆ ಮೊದಲಿನ ಅರ್ಧ ಮಾತಷ್ಟೇ ಕೇಳಿಸಿತು. ಅದೇ ಸಂಜೆ ಹುಮನಾಬಾದಿನ ಬಜಾರಿಗೆಲ್ಲ ಪೇಢೆ ಹಂಚಿದ. "ನಮ್ಮ ವಿಜಯಶ್ರೀ ಪೈಲಟ್ ಆದಳು" ಎಂದು ಬಸವಕಲ್ಯಾಣದ ತನ್ನ ಅಕ್ಕನಿಗೂ ಫೋನು ಹಚ್ಚಿದ.

ನಿಜ ತಿಳಿದ ಮೇಲೂ ಅವನು ತಿದ್ದಲಿಲ್ಲ. ತಿದ್ದಲು ನನಗೂ ಬಾಯಿ ಬರಲಿಲ್ಲ. ಪೇಢೆ ತಿಂದವರು ಎದುರಾದರೆ ಗಲ್ಲಿ ಬದಲಿಸಿ ನಡೆಯುತ್ತಿದ್ದೆ.

ಮತ್ತೆ ಪರೀಕ್ಷೆ ಬರೆಯಲು ಮನೆಯಿಂದಲೇ ಕಲಿಯಬೇಕಿತ್ತು. ಅಂಚೆಯಲ್ಲಿ ಕಲಿಸುವ ಎರಡು ಶಾಲೆಗಳು ಸಿಕ್ಕವು. ಪುಣೆಯದು ಪುಸ್ತಕ ಕಳಿಸಿ ಸುಮ್ಮನಾಗುತ್ತಿತ್ತು. ಹೈದರಾಬಾದಿನದು ವಾರಕ್ಕೊಮ್ಮೆ ಫೋನಿನಲ್ಲಿ ಲೆಕ್ಕವನ್ನೂ ಮಾಡಿಸುತ್ತಿತ್ತು. ಬಾಯಿಬಿಟ್ಟು ಹೇಳಬೇಕು, ತಪ್ಪಿದರೆ ಬೈಸಿಕೊಳ್ಳಬೇಕು. ನಮ್ಮ ಫೋನು ಇದ್ದದ್ದು ಅಪ್ಪನ ಕಿರಾಣಿ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ. ಇಂಗ್ಲಿಷಾಗಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಅಲ್ಲಿನ ಸರ್ ಮಾತಾಡುವುದು ಹೈದರಾಬಾದಿ ಹಿಂದಿ, ನಮ್ಮ ಬಜಾರಿನಲ್ಲಿ ಅದು ತಿಳಿಯದವರು ಯಾರೂ ಇಲ್ಲ.

"ಪುಣೆದು ಛಲೋ ಅದ," ಅಂದ ಅಪ್ಪ. "ಮನ್ಯಾಗ ಕೂತು ಓದು. ಯಾರಿಗೂ ಗೊತ್ತಾಗಂಗಿಲ್ಲ."

ನನಗೂ ಅದೇ ಬೇಕಾಗಿತ್ತು. ಆದರೆ ಹೋದ ಸಲ ಒಬ್ಬಳೇ ಕೂತು ಉತ್ತರ ಬಾಯಿಪಾಠ ಮಾಡಿಯೇ ನಾನು ಕೆಟ್ಟದ್ದು. ಅಡ್ಡಗಾಳಿಗೆ ವಿಮಾನದ ಮೂತಿ ಎಷ್ಟು ತಿರುಗಿಸಬೇಕು ಎನ್ನುವುದು ತಲೆಗೆ ಹತ್ತಿರಲೇ ಇಲ್ಲ. ಇನ್ನೊಮ್ಮೆ ಫೇಲಾದರೆ ಹಾರಾಟ ಮುಗಿದಂತೆ. ಮದುವೆಯ ಮಾತು ಆಗಲೇ ಮನೆಯಲ್ಲಿ ಓಡಾಡುತ್ತಿತ್ತು. ಅಪ್ಪನಿಗೆ ಹೇಳದೆ ಹೈದರಾಬಾದಿನವರಿಗೆ ಅಂಗಡಿಯ ನಂಬರು ಕೊಟ್ಟೆ.

ಆ ಶನಿವಾರ ಅಪ್ಪನ ಅಕ್ಕ ಗಂಗುಬಾಯಿ ಅತ್ತೆ ಬಸವಕಲ್ಯಾಣದಿಂದ ಶಾಲು ತಂದಳು. ಬೇಳೆ ಒಯ್ಯಲು ಪಕ್ಕದ ಹುಡಗಿ ಎಂಬ ಊರಿನಿಂದ ಅಂಗಡಿಗೆ ಬಂದಿದ್ದ ಗಿರಾಕಿಗಳ ಎದುರಿಗೇ ನನಗೆ ಹೊದಿಸಿದಳು.

"ನಮ್ಮ ಮನೆತನದಾಗ ಎಂಥಾಕಿ ಹುಟ್ಯಾಳ ನೋಡ್ರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾಚಿಕೆಗೆ ನನ್ನ ಕಿವಿ ಸುಡುತ್ತಿತ್ತು.

ಆಗಲೇ ಫೋನು ಬಡಕೊಂಡಿತು. ಅಪ್ಪ ಎತ್ತಿದ. "ನ್ಯಾವಿಗೇಷನ್ನಿನಲ್ಲಿ ಫೇಲಾದ ಹುಡುಗಿ ಇದ್ದಾಳಾ?" ಆ ಸರ್ ಅವರ ಗಂಟಲು ಎಷ್ಟು ದೊಡ್ಡದೆಂದರೆ ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅಪ್ಪ ಶಾಲನ್ನು ನೋಡಿದ, ಅಕ್ಕನನ್ನು ನೋಡಿದ.

"ರಾಂಗ್ ನಂಬರ್ ಹೈ ಸಾಬ್," ಎಂದು ಇಟ್ಟುಬಿಟ್ಟ.

ಇವಳು ನನ್ನ ಮಗಳೇ ಅಲ್ಲ ಎಂದಂತಾಯಿತು. ಸಿಟ್ಟು ನೆತ್ತಿಗೇರಿತು, ಅವನ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ಶಾಲು ಹೊದ್ದುಕೊಂಡೇ ಹೋಗಿ ಹೈದರಾಬಾದಿಗೆ ಫೋನು ಹಚ್ಚಿದೆ.

"ಸರ್, ಆ ಫೇಲಾದ ಹುಡುಗಿ ನಾನೇ."

ಅತ್ತೆ ತೆರೆದ ಬಾಯಿ ಮುಚ್ಚಲಿಲ್ಲ. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಸರ್ ಕುಶಲ ಕೇಳುವ ಪೈಕಿ ಅಲ್ಲ, ನೇರ ಲೆಕ್ಕಕ್ಕೇ ಇಳಿದರು. ವಿಮಾನ ಉತ್ತರಕ್ಕೆ ಹೋಗಬೇಕು, ಗಾಳಿ ಪಶ್ಚಿಮದಿಂದ ಜೋರಾಗಿದೆ, ಮೂತಿ ಯಾವ ಕಡೆ ತಿರುಗಿಸುತ್ತೀ?

"ಗೊತ್ತಿಲ್ಲ ಸರ್."

"ಜೋರಾಗಿ ಹೇಳು!"

"ಗೊತ್ತಿಲ್ಲ ಸರ್!"

ಯಾರೋ ಕಿಸಕ್ಕನೆ ನಕ್ಕರು. ಒಬ್ಬರ ನಗು ಅಂಗಡಿಗೆಲ್ಲ ಹಬ್ಬಿ, ಸರ್ ಹೇಳುತ್ತಿದ್ದುದೇ ಕೇಳಿಸದಾಯಿತು. ಅಪ್ಪ ತಕ್ಕಡಿಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ತಲೆ ಎತ್ತದೆಯೇ ಹೇಳಿದ:

"ಗದ್ದಲ ಮಾಡಬ್ಯಾಡ್ರಿ. ನನ್ನ ಮಗಳು ಫೇಲಾಗ್ಯಾಳ, ಪಾಠ ಕೇಳಾಕತ್ತಾಳ."