ಮಶಾಕಸಾಬನ ಜೋಡಿ ಪಾಟಾ

ಸಿಂದಗಿಯ ಮಶಾಕಸಾಬ ಮಿಸ್ತ್ರಿಯ ಖಾಕಿ ಕೋಟಿನ ಬಲಗಿಸೆಯಲ್ಲಿ ಒಂದು ಭಾರವಾದ ಪಾನಾ ಸದಾಕಾಲ ವಾಸವಾಗಿರುತ್ತಿತ್ತು. ಎಡಗಿಸೆಯಲ್ಲಿ ಅದೇ ತೂಕದ ಒಂದು ಕಲ್ಲು. ಪಾನಾದಿಂದ ಅವನು ಬೋಲ್ಟು ತಿರುವುತ್ತಿದ್ದ. ಕಲ್ಲಿನಿಂದ ಅವನು ಏನನ್ನಾದರೂ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಒಮ್ಮೆ ಕೇಳಿಯೇಬಿಟ್ಟೆ. “ಕೋಟ ವಾಲತೈತ್ರಿ ಮಾಸ್ತರ, ವಾಲತೈತಿ” ಎಂದ.

ಒಂಟಿಯಾದ ಯಾವುದೂ ಅವನಿಗೆ ಸಹ್ಯವಲ್ಲ. ಮಾತನ್ನು ಕೂಡ ಅವನು ಎರಡೆರಡಾಗಿಯೇ ಆಡುತ್ತಿದ್ದ. ಒಂದು ಕಾಲಿನ ಚಪ್ಪಲಿಯ ಅಟ್ಟೆ ಸವೆದರೆ ಎರಡನ್ನೂ ಕಿತ್ತು ಹೊಸದು ಹಾಕಿಸುವನು. ಕೋಟಿನ ಒಂದು ಗುಂಡಿ ಬಿದ್ದರೆ ಉಳಿದ ನಾಲ್ಕನ್ನೂ ಕತ್ತರಿಸಿ ಐದಕ್ಕೂ ಏಕಕಾಲಕ್ಕೆ ಪುನರ್ಜನ್ಮ ಕೊಡುವನು. ನಡೆಯುವಾಗ ಎಡ ಹೆಜ್ಜೆಗೂ ಬಲ ಹೆಜ್ಜೆಗೂ ಪಕ್ಷಪಾತವಾಗದಂತೆ ನೆಲವನ್ನು ಅಳೆಯುತ್ತ, ಹೆಗಲ ಮೇಲೆ ತುಂಬಿದ ಕೊಡಗಳ ಕಾವಡಿ ಹೊತ್ತವನಂತೆ ನಿಧಾನವಾಗಿ ಬರುವ ಆ ಗಿಡ್ಡ ದೇಹವನ್ನು ಕಂಡರೆ ಮೊದಲು ನಗು ಬರುತ್ತಿತ್ತು. ಅವಸರವಿದ್ದವರಿಗೆ ಮಾತ್ರ ಅಳು ಬರುತ್ತಿತ್ತು. ನನ್ನ ದುರ್ದೈವ, ನಾನು ಅವನನ್ನು ಸರಿಯಾಗಿ ಅರಿತದ್ದು ಜೀವಮಾನದಲ್ಲೇ ಅತ್ಯಂತ ಅವಸರದಲ್ಲಿದ್ದಾಗ.

ಅರವತ್ತನೆಯ ಇಸವಿಯ ಮಾತು. ಇಂಡಿಯಲ್ಲಿ ನನ್ನ ಮೈದುನ ಯಂಕಪ್ಪ ಒಂದು ಹಳೆಯ ವ್ಯಾನು ತಂದು, ಅದರ ಬೆನ್ನಿನಲ್ಲಿ ಡೈನಮೊ ಕೂರಿಸಿ, ಕರೆಂಟು ಕಾಣದ ಹಳ್ಳಿಗಳ ಮದುವೆ, ನಾಟಕ, ಭಾಷಣಗಳಿಗೆ ಬೆಳಕು ಒದಗಿಸುವ ಉದ್ಯೋಗ ಹಿಡಿದಿದ್ದ. ಜನ ಅದನ್ನು ಕರೆಂಟಿನ ವ್ಯಾನು ಎನ್ನುತ್ತಿದ್ದರು. ಸಾಲಿ ಮಾಸ್ತರನಾದ ನಾನು ಅದಕ್ಕೆ ಕೊಟ್ಟ ಬಂಡವಾಳವೆಂದರೆ ಸಲಹೆ. ಅದನ್ನು ಯಂಕಪ್ಪ ಈವರೆಗೂ ಬಳಸಿಲ್ಲ. ಆ ವರ್ಷ ಮುದ್ದೇಬಿಹಾಳದ ಆಚೆಯ ಒಂದು ಹಳ್ಳಿಯಲ್ಲಿ, ನನ್ನ ಅಕ್ಕ ಬಾಳಮ್ಮನನ್ನು ಮದುವೆ ಮಾಡಿ ಕೊಟ್ಟ ಊರಿನಲ್ಲೇ, ಕಣ್ಣಿನ ಪೊರೆ ತೆಗೆಯುವ ಶಿಬಿರ ನಡೆಯಿತು. ತಾಯಿಯಿಲ್ಲದ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದ ಅಕ್ಕ ಎರಡು ವರ್ಷಗಳಿಂದ ನನ್ನನ್ನು ಮುಖ ಸವರಿ ಗುರುತಿಸುತ್ತಿದ್ದಳು. ಡಾಕ್ಟರರು ಪರವೂರಿನವರು, ಶನಿವಾರ, ಭಾನುವಾರ ಎರಡೇ ದಿನ. ಸಾಲಿಯ ಕಿಟಕಿಗಳು ಗುಬ್ಬಿ ಗೂಡಿನಷ್ಟು ಚಿಕ್ಕವಾದ್ದರಿಂದ, ಕರೆಂಟಿನ ವ್ಯಾನು ಬಂದರೆ ಎಲ್ಲರಿಗೂ, ಇಲ್ಲವಾದರೆ ಹಗಲ ಬೆಳಕಿಗೆ ಸಿಕ್ಕಷ್ಟು ಜನರಿಗೆ ಶಸ್ತ್ರಕ್ರಿಯೆ ಎಂದು ಅವರು ಮೊದಲೇ ಬರೆದು ತಿಳಿಸಿದ್ದರು. ಪಟ್ಟಿಯಲ್ಲಿ ಅಕ್ಕನ ಹೆಸರು ಕಟ್ಟಕಡೆಗಿತ್ತು.

ಶನಿವಾರ ಮುಂಜಾನೆ ಯಂಕಪ್ಪನನ್ನೂ ನನ್ನನ್ನೂ ಹೊತ್ತು ಇಂಡಿಯಿಂದ ಹೊರಟ ವ್ಯಾನು, ಸಿಂದಗಿ ಇನ್ನರ್ಧ ಮೈಲಿಯಿದೆ ಎನ್ನುವಾಗ ಒಂದು ಗುಂಡಿಗೆ ಇಳಿದು, ಕಟ್ಟೆಂದು ಸದ್ದು ಮಾಡಿ, ಎಡಕ್ಕೆ ವಾಲಿ, ಮುನಿಸಿಕೊಂಡ ಅಳಿಯನಂತೆ ನಿಂತುಬಿಟ್ಟಿತು. ಮುಂದಿನ ಎಡಗಾಲಿಯ ಮೇಲಿನ ಪಾಟಾ ತುಂಡಾಗಿತ್ತು. ಪಾಟಾ ಎಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಲ್ಲಿನಂತೆ ಬಾಗಿಸಿದ ಕಮಾನು. ಗಾಡಿಯ ಭಾರವನ್ನೂ ಒಳಗೆ ಕೂತವರ ಬೆನ್ನುಮೂಳೆಯನ್ನೂ ಕಾಯುವುದು ಅದೇ. ನಾಲ್ಕು ಜೋಡಿ ಎತ್ತು ಹೂಡಿ ವ್ಯಾನನ್ನು ಆಲಮೇಲ ರಸ್ತೆಯ ಬೇವಿನ ಮರದಡಿಗೆ, ಮಶಾಕಸಾಬನ ಸನ್ನಿಧಾನಕ್ಕೆ ಎಳೆಸಿ ತಂದೆವು.

ಅವನು ಕೆಳಗೆ ತೂರಿ ಎಡಗಡೆ ನೋಡಿದ. ಬಲಗಡೆಯನ್ನೂ ಅಷ್ಟೇ ಹೊತ್ತು ನೋಡಿದ. ಹೊರಬಂದು, “ಎರಡೂ ಬದಲಿ ಮಾಡಬೇಕ್ರಿ, ಎರಡೂ” ಎಂದ.

“ಬಲಗಡಿದು ಗಟ್ಟಿ ಐತಲ್ಲ ಮಿಸ್ತ್ರಿ. ಮುರದದ್ದು ಒಂದು.”

“ಮಾಸ್ತರ, ಹರೇದ ಎತ್ತು, ಮುದಿ ಎತ್ತು ಕೂಡಿಸಿ ಹೂಡಿದ್ರ ಏನ ಆಗತೈತ್ರಿ?”

“ನಾವು ಹೊಲಾ ಹೊಡ್ಯಾಕ ಹೊಂಟಿಲ್ಲ. ನಾಳೆ ಸಂಜಿಕ ಡಾಕ್ಟರು ಹೋಗತಾರ. ನಮ್ಮ ಅಕ್ಕನ ಕಣ್ಣು ಐತಿ ಇದರಾಗ.”

“ಅದಕ್ಕ ಹೇಳಾಕತ್ತೇನ್ರಿ. ಸಾಲು ಸೊಟ್ಟ ಬೀಳತೈತಿ. ಡೋಣಿ ಹೊಳಿ ದಾಟೂದ್ರಾಗ ಬಲಗಡಿದೂ ಹೋಗತೈತಿ. ಅಲ್ಲೆ ಯಾರ ಅದಾರ್ರಿ ನಿಮಗ? ಆಗಂಗಿಲ್ಲ, ಆಗಂಗಿಲ್ಲ.”

ಅವನ ಅಪ್ಪ ಬಂಡಿ ಕಟ್ಟುವ ಕಸುಬಿನವನಂತೆ. ಬಂಡಿಯಿಂದ ಮೋಟಾರಿಗೆ ಬಂದ ಮಗ ಆಯುಧಗಳನ್ನು ಬದಲಿಸಿದ್ದನೇ ಹೊರತು ಶಾಸ್ತ್ರವನ್ನಲ್ಲ. ನಾನು ಬೇಡಿದೆ, ಗದರಿದೆ, ಸಾಲಿಯಲ್ಲಿ ಹುಡುಗರಿಗೆ ಹೇಳುವಂತೆ ಕಾಲದ ಮಹತ್ವವನ್ನು ಕುರಿತು ನಾಲ್ಕು ಮಾತು ಹೇಳಿದೆ. ಅವನು ಅಷ್ಟನ್ನೂ ವಿನಯದಿಂದ ಕೇಳಿ, ಕುಲುಮೆಗೆ ಇದ್ದಿಲು ಹಾಕಿದ. ಮುದಿ ಲಾರಿಯೊಂದರ ಪಟ್ಟಿಗಳನ್ನು ಆರಿಸಿ, ಕೆಂಪಗೆ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ, ಎರಡು ಕಮಾನುಗಳ ಬಾಗು ಒಂದೇ ಇದೆಯೇ ಎಂದು ದಾರ ಹಿಡಿದು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮತ್ತೆ ಬೆಂಕಿಗೆ ಹಾಕುತ್ತ ಅವನು ಶನಿವಾರವನ್ನು ಸಾವಧಾನವಾಗಿ ಮುಗಿಸಿದ. ತುಕ್ಕು ಹಿಡಿದ ಹಳೆಯ ಬೋಲ್ಟುಗಳಿಗೆ ಸೀಮೆಎಣ್ಣೆ ಹಾಕಿ, “ನೆನೀಲಿ, ನೆನೀಲಿ” ಎಂದು ಮನೆಗೆ ಹೋದ.

ಭಾನುವಾರ ಎಂಟು ಗಂಟೆಗೆ ಎರಡೂ ಪಾಟಾಗಳು ಕೂತವು. ಯಂಕಪ್ಪ ಹ್ಯಾಂಡಲ್ಲಿಗೆ ಕೈಹಾಕಿದ. ಆಗ ಮಶಾಕಸಾಬ ನನ್ನ ಕೈಯಲ್ಲಿದ್ದ ಚಹಾದ ಬಶಿಯನ್ನು, ನಾನಿನ್ನೂ ಒಂದು ಗುಟುಕನ್ನೂ ಹೀರದ ಬಶಿಯನ್ನು, ಮೆಲ್ಲನೆ ತೆಗೆದುಕೊಂಡು ವ್ಯಾನಿನ ಬಾನೆಟ್ಟಿನ ನಡುವೆ ಇಟ್ಟ. ಅಂಚಿನವರೆಗೆ ತುಂಬಿದ ಚಹಾ ಎಡಕ್ಕೆ ಇಷ್ಟೇ ಇಷ್ಟು ಸರಿದು ನಿಂತಿತು.

“ನೆಲಾ ಸೊಟ್ಟ ಇರಬೇಕು” ಎಂದೆ.

“ಈ ನೆಲಾ ನಮ್ಮಪ್ಪ ಸಮಾ ಮಾಡ್ಯಾನ್ರಿ.” ಬಶಿಯನ್ನು ಮತ್ತೊಮ್ಮೆ ದಿಟ್ಟಿಸಿ, “ರೊಟ್ಟಿ ತಿಂದ ಬರತೇನಿ. ಬಂದ ಬಿಚ್ಚೂಣು” ಎಂದು ತನ್ನ ಸಮತೂಕದ ಹೆಜ್ಜೆಗಳಲ್ಲಿ ಹೊರಟುಹೋದ.

ಇಲ್ಲಿ ನಾನು ಮಾಡಿದ ಕೆಲಸವನ್ನು ಬರೆಯದೆ ಬಿಡಬಹುದಿತ್ತು. ಆದರೆ ಯಂಕಪ್ಪ ಅದನ್ನು ಈಗಾಗಲೇ ಮೂರು ತಾಲೂಕಿನಲ್ಲಿ ಸಾರಿದ್ದಾನೆ. ನನ್ನ ಜೇಬಿನಲ್ಲಿ ಪತ್ರಿಕೆಗೆಂದು ಬರೆದ ಒಂದು ನಗೆಬರಹವಿತ್ತು. ಅದನ್ನು ಎಂಟು ಮಡಿಕೆ ಮಡಚಿ ಬಶಿಯ ಎಡ ಅಂಚಿನಡಿ ಸಿಕ್ಕಿಸಿದೆ. ಚಹಾ ಸಮವಾಯಿತು. ನನ್ನ ಬರಹದಿಂದ ಲೋಕದಲ್ಲಿ ಏನಾದರೊಂದು ನೆಟ್ಟಗಾದದ್ದು ಅದೇ ಮೊದಲು.

“ಮಾಮಾ, ಬ್ಯಾಡ. ಅಂವಗ ತಿಳೀತೈತಿ” ಎಂದ ಯಂಕಪ್ಪ.

ತಿಳಿಯಿತು. ಮಶಾಕಸಾಬ ಬಂದವನೇ ಬಶಿಯನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದ. ಕಾಗದವನ್ನು ಎಳೆದು, ಮಡಿಕೆ ಬಿಚ್ಚಿ, ತನಗೆ ಓದಲು ಬಾರದ ಅಕ್ಷರಗಳ ಮೇಲೆ ಕಣ್ಣಾಡಿಸಿದ.

“ಏನ ಬರದೀರಿ ಮಾಸ್ತರ ಇದರಾಗ?”

“ನಗಿಸೂ ಬರಹ.”

“ಹೌದ್ರಿ, ಹೌದು” ಎಂದು ನಗದೆ ಮಡಚಿ ಕೊಟ್ಟ. “ನಗು ಬಂತು.”

ಬಿಚ್ಚಿದ. ಬಲಗಡೆಯ ಪಾಟಾಕ್ಕೂ ಅಚ್ಚಿಗೂ ನಡುವೆ ಉಳಿದಿದ್ದ, ಉಗುರಿನಷ್ಟು ಅಗಲದ ತುಕ್ಕಿನ ಚಕ್ಕೆಯನ್ನು ಹೆಕ್ಕಿ ತಂದು ನನ್ನ ಅಂಗೈಯಲ್ಲಿಟ್ಟ. ಮತ್ತೆ ಬಿಗಿದ. ಮತ್ತೆ ಚಹಾ ತರಿಸಿದ. ಅದು ಕೆರೆಯಂತೆ ನಿಶ್ಚಲವಾಗಿ ನಿಂತಾಗ ಮಧ್ಯಾಹ್ನದ ಹನ್ನೆರಡು. ಅಕ್ಕ ಆ ಹೊತ್ತಿಗೆ ಸಾಲಿಯ ಗೋಡೆಗೆ ಒರಗಿ ಮೋಟಾರಿನ ಸದ್ದಿಗೆ ಕಿವಿಗೊಟ್ಟು ಕೂತಿರಬೇಕು ಎನಿಸಿ, ಕೈಯಲ್ಲಿದ್ದ ಚಕ್ಕೆಯನ್ನು ಅವನ ಹಣೆಗೆ ಎಸೆಯುವಷ್ಟು ಸಿಟ್ಟು ಬಂತು. ಆಗ ಅವನು ಕೋಟು ತೊಟ್ಟು, ನಮ್ಮನ್ನು ಕೇಳದೆ ವ್ಯಾನು ಹತ್ತಿದ. ಹೊಸ ಪಾಟಾ ಮೂವತ್ತು ಮೈಲಿ ಓಡಿದ ಮೇಲೆ ಮೈ ಸಡಿಲಿಸುತ್ತದೆ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು, ಅದನ್ನು ಮತ್ತೊಬ್ಬರ ಕೈಗೆ ಬಿಡುವಂತಿಲ್ಲ ಎಂಬುದು ಅವನ ಸಿದ್ಧಾಂತ. ಅಂತೆಯೇ ಮೂವತ್ತನೆಯ ಮೈಲಿಗಲ್ಲಿನಲ್ಲಿ ಬಿಸಿಲಿಗೆ ನಮ್ಮನ್ನು ಇಳಿಸಿ ಬಿಗಿದ. ಡೋಣಿಯ ಒಡ್ಡಿನ ಕಲ್ಲುಗಳ ಮೇಲೆ ವ್ಯಾನು ಗರ್ಭಿಣಿಯನ್ನು ಹೊತ್ತ ಪಲ್ಲಕ್ಕಿಯಂತೆ ಸಾಗಿತು. ಹೊಗಳಬೇಕೆನಿಸಿತು, ಸಿಟ್ಟು ಬಿಡಲಿಲ್ಲ.

ನಾಲ್ಕೂವರೆಗೆ ತಲುಪಿದೆವು. ಹೊರಗೆ ಒಂಬತ್ತು ಮಂದಿ ಉಳಿದಿದ್ದರು, ಡಾಕ್ಟರರು ಕೈತೊಳೆದುಕೊಳ್ಳುತ್ತಿದ್ದರು. ಯಂಕಪ್ಪ ಡೈನಮೊ ಚಾಲೂ ಮಾಡಿದ. ಸಾಲಿಯ ಕೋಣೆ ಬೆಳ್ಳಗೆ ಬೆಳಗಿತು. ಡಾಕ್ಟರರು ಒಂದು ಕ್ಷಣ ದೀಪ ನೋಡಿ ಮತ್ತೆ ಅಂಗಿಯ ತೋಳು ಮಡಚಿದರು. ಅಕ್ಕನ ಸರದಿ ಬಂದಾಗ ಹೊತ್ತು ಮುಳುಗಿತ್ತು. ಬಾಗಿಲಲ್ಲಿ ನಿಂತಿದ್ದ ಮಶಾಕಸಾಬ, ಬಲಗಣ್ಣಿಗೆ ಮಾತ್ರ ಶಸ್ತ್ರಕ್ರಿಯೆ ಎಂಬುದನ್ನು ಕೇಳಿದ್ದೇ ತಡ, ಒಳಗೆ ಕಾಲಿಟ್ಟ.

“ಡಾಕ್ಟರಸಾಹೇಬ್ರ, ಎರಡೂ ಮಾಡಬೇಕ್ರಿ, ಎರಡೂ.”

ನಾನು ಅವನ ಕೋಟು ಹಿಡಿದೆಳೆದೆ. ಕಲ್ಲಿದ್ದ ಕಡೆ ಸಿಕ್ಕಿತು, ಅವನು ಅಲುಗಲಿಲ್ಲ.

“ಇವರು ಯಾರು? ಮಗನೇ?” ಎಂದರು ಡಾಕ್ಟರರು.

“ಮಿಸ್ತ್ರಿ ಅದಾರ್ರಿ” ಎಂದೆ, ಕ್ಷಮೆ ಬೇಡುವ ದನಿಯಲ್ಲಿ.

ಆ ದೊಡ್ಡ ಮನುಷ್ಯರು ಸಿಟ್ಟಾಗಲಿಲ್ಲ. “ನೋಡಪ್ಪಾ, ಎರಡೂ ಒಂದೇ ಸಲ ಮಾಡಿ, ಏನಾದರೂ ಕೆಟ್ಟರೆ ಎರಡೂ ಹೋಗುತ್ತವೆ. ಒಂದು ಈಗ, ಇನ್ನೊಂದು ಮುಂದಿನ ವರ್ಷ.”

ಮಶಾಕಸಾಬ ಯೋಚಿಸಿದ. “ಅಂದ್ರ ಸ್ಟೆಪ್ನಿ ಇಟಗೊಂಡಂಗ. ಅದು ಖರೇ. ಆದ್ರ ನೋಟ ಸೊಟ್ಟ ಬೀಳತೈತ್ರಿ.”

“ಮಿಸ್ತ್ರಿ, ಕಣ್ಣು ಪಾಟಾ ಅಲ್ಲ, ಹೊರಗ ನಡೀರಿ” ಎಂದು ಗದರಿದೆ. ಮೇಜಿನ ಮೇಲೆ ಮಲಗಿದ್ದ ಅಕ್ಕ ಒಬ್ಬಳೇ ನಕ್ಕಳು.

ಒಂದೂವರೆ ತಿಂಗಳಿಗೆ ಅಕ್ಕನಿಗೆ ಗಾಜಿನ ಗೋಲಿಯಂಥ ದಪ್ಪ ಕನ್ನಡಕ ಬಂತು. ಹಾಕಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದಳು. ಕೈ ಚಾಚಿ ಮುಖ ಸವರಲಿಲ್ಲ. ಎರಡು ವರ್ಷದ ಮೇಲೆ ಅದು ಮೊದಲ ಸಲ. ಆಮೇಲೆ ಹೇಳಿದಳು: “ತಮ್ಮಾ, ನೀ ಎರಡ ಕಾಣತಿ. ಒಂದು ದೊಡ್ಡದು, ಒಂದು ಸಣ್ಣದು ಮಬ್ಬ ಮಬ್ಬ. ಎರಡರಾಗ ಒಂದಾದ್ರೂ ಚೆಂದ ಇರಬಾರದೇನೋ?” ಮೆಟ್ಟಿಲು ಇದ್ದಲ್ಲಿ ಒಂದು, ಇಲ್ಲದಲ್ಲಿ ಒಂದು ಕಾಣುತ್ತಿತ್ತಂತೆ. ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೇಲೆಯೇ ಲೋಕ ಒಂದಾದದ್ದು. ಆ ವರ್ಷವಿಡೀ ಹಾಗೆಯೇ ಕಟ್ಟಿಕೊಂಡು ತಿರುಗಿದಳು; ಯಾರಾದರೂ ಕೇಳಿದರೆ, “ಆ ಸಾಬ ಮೊದಲ ಹೇಳಿದ್ದ” ಎನ್ನುವಳು, ನಾನು ಎದುರಿಗಿದ್ದಾಗ ತುಸು ಗಟ್ಟಿಯಾಗಿ.

ಎರಡನೆಯ ಕಣ್ಣೂ ಆದ ಮೇಲೆ ಅವಳನ್ನು ಇಂಡಿಗೆ ಕರೆತರುವಾಗ ಬೇವಿನ ಮರದಡಿ ವ್ಯಾನು ನಿಲ್ಲಿಸಲು ಹಟ ಹಿಡಿದಳು. ಇಳಿದು ಮಶಾಕಸಾಬನನ್ನು ಎರಡೂ ಕಣ್ಣುಗಳಿಂದ ನೋಡಿ, “ನೀ ಅಂದದ್ದು ಖರೇ ಆತಪಾ” ಎಂದಳು. ಅವನು ಹಿಗ್ಗಲಿಲ್ಲ. “ಹೌದ್ರೀ ಅವ್ವಾರ, ಹೌದು” ಎಂದವನು ಅವಳ ಭುಜದಾಚೆ ವ್ಯಾನನ್ನೇ ನೋಡುತ್ತಿದ್ದ. ಆಮೇಲೆ ನನ್ನತ್ತ ತಿರುಗಿ, ಚಹಾ ತರಿಸಲೇ ಎಂದು ಕೇಳಿದ. ಅದು ಕುಡಿಯಲೆಂದು ಕೇಳಿದ್ದಲ್ಲ ಎಂಬುದು ನನಗೆ ಗೊತ್ತಿತ್ತು.

ತಪ್ಪು ಮಾಡುವವರೊಡನೆ ಬಾಳುವುದು ಸುಲಭ, ಕ್ಷಮಿಸಿ ದೊಡ್ಡವರಾಗಬಹುದು. ಸದಾ ಸರಿಯಾಗಿರುವವರು ನಮಗೆ ಆ ಸುಖವನ್ನು ಕೊಡುವುದಿಲ್ಲ. ಅವರು ನಮ್ಮ ಹೊತ್ತು ತಿನ್ನುತ್ತಾರೆ, ಚಹಾ ಆರಿಸುತ್ತಾರೆ, ನಮ್ಮ ಸಣ್ಣತನವನ್ನು ಎಂಟು ಮಡಿಕೆ ಬಿಚ್ಚಿ ನಮ್ಮ ಕೈಗೇ ಕೊಡುತ್ತಾರೆ. ಅಂಥವರನ್ನು ನಾವು ಬೈಯದೆ ಇರಲಾರೆವು. ಬೈಯಬೇಕಾದದ್ದೇ. ಆದರೆ ಅವರು ಬಿಗಿದ ಬೋಲ್ಟುಗಳ ಮೇಲೆ ಕೂತು ಡೋಣಿ ದಾಟುತ್ತ ಬೈಯುವಾಗ, ಗಾಡಿ ಕುಲುಕುವುದಿಲ್ಲ, ನಮ್ಮ ಬೈಗುಳ ನಡುವೆ ಎಲ್ಲಿಯೂ ತೊದಲುವುದಿಲ್ಲ.