ನಾಲ್ಕು ಸೆಕೆಂಡಿನ ಹೆಸರು

ಸ್ವತಂತ್ರ ಚಿತ್ರಗಳ ಉದಯೋನ್ಮುಖ ನಿರ್ಮಾಪಕರ ಪ್ರಶಸ್ತಿಗೆ ಆಯ್ಕೆಯಾದ ಕೊನೆಯ ಐವರಲ್ಲಿ ಅವಳೂ ಒಬ್ಬಳು ಎಂಬ ಪತ್ರ ಸೋಮವಾರ ಬಂತು. ಮಂಗಳವಾರ ಇನ್ನೊಂದು ಬಂತು. ನಿರ್ಮಾಪಕಿಯಾಗಿ ಅವಳ ಹೆಸರು ಮೂರು ಚಿತ್ರಗಳಲ್ಲಿದೆ, ನಿಯಮದಂತೆ ಎರಡಕ್ಕಿಂತ ಹೆಚ್ಚಿರಬಾರದು. ಯಾವುದಾದರೂ ತಪ್ಪಾಗಿ ಸೇರಿದ್ದರೆ ಆ ಚಿತ್ರದ ನಿರ್ದೇಶಕರ ಪತ್ರವನ್ನೂ ಹೆಸರು ತಿದ್ದಿದ ಪ್ರತಿಯನ್ನೂ ಗುರುವಾರ ಸಂಜೆ ಐದರೊಳಗೆ ತಲುಪಿಸಬೇಕು.

ಪ್ರಶಸ್ತಿಯೆಂದರೆ ಬರೀ ಫಲಕವಲ್ಲ, ಆರು ತಿಂಗಳ ಮಟ್ಟಿಗೆ ಒಂದು ಎಡಿಟಿಂಗ್ ಕೋಣೆ. ಚಿತ್ರೀಕರಣ ಮುಗಿದ ಅವಳ ಹೊಸ ಚಿತ್ರ ವರ್ಷದಿಂದ ಬೀರುವಿನಲ್ಲಿ, ಸ್ವೆಟರುಗಳ ನಡುವೆ, ನಾಲ್ಕು ಹಾರ್ಡ್ ಡಿಸ್ಕುಗಳಾಗಿ ಮಲಗಿತ್ತು. ಅದನ್ನು ತೆರೆದರೆ ಮನೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿತ್ತು. ಕೋಣೆ ಸಿಗದಿದ್ದರೆ ಚಿತ್ರ ಸ್ವೆಟರುಗಳ ನಡುವೆಯೇ ಮುದಿಯಾಗುವುದು ಖಂಡಿತ.

ಮೂರನೆಯ ಚಿತ್ರ ಗಂಡನದು. ಏಳು ವರ್ಷದ ಹಿಂದಿನದು, ಇಪ್ಪತ್ತು ನಿಮಿಷದ್ದು. ಕೆಟ್ಟ ಲಿಫ್ಟಿನ ಮುಂದೆ ಜಗಳವಾಡುವ ಇಬ್ಬರು ಮುದುಕರ ಕಥೆ. ಆಗ ಅವಳಿಗೆ ಒಂಬತ್ತು ತಿಂಗಳು. ಮಂಚ ಬಿಟ್ಟು ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ಮನೆ ಬಾಗಿಲ ಹೊರಗಿನ ಮೆಟ್ಟಿಲಲ್ಲೇ ನಡೆದ ಇಡೀ ಚಿತ್ರೀಕರಣವನ್ನು ಅವಳು ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದಳು. ಕೊಡಲು ಬೇರೇನೂ ಇಲ್ಲದಾಗ ಹೆಸರು ಕೊಡುವುದು ಈ ಕಸುಬಿನವರ ಪದ್ಧತಿ; ಮಹಡಿ ಬಿಟ್ಟುಕೊಟ್ಟವರೂ ಸಹ ನಿರ್ಮಾಪಕರು, ಕಾರು ಕೊಟ್ಟವರೂ ಸಹ ನಿರ್ಮಾಪಕರು. ಮೊದಲ ಪ್ರದರ್ಶನದಲ್ಲಿ ತೆರೆಯ ಮೇಲೆ 'ನಿರ್ಮಾಪಕಿ' ಎಂದು ತನ್ನ ಹೆಸರು ಬಂದಾಗ, ತೊಡೆಯ ಮೇಲಿನ ಕೂಸನ್ನು ಅಪ್ಪಿಕೊಂಡು ಅವಳು ಅತ್ತಿದ್ದಳು.

"ನೀವೇ ಬರ್ಕೊಡಿ. ಇವಳು ಈ ಚಿತ್ರಕ್ಕೆ ಒಂದು ಹುಲ್ಲುಕಡ್ಡೀನೂ ಎತ್ತಿಡಲಿಲ್ಲ ಅಂತ," ಎಂದಳು ಬುಧವಾರ ಬೆಳಿಗ್ಗೆ.

"ಕೊಟ್ಟಿದ್ದನ್ನ ಕಿತ್ಕೊಂಡ ಹಾಗಾಗುತ್ತೆ ಕಣೆ. ಮಗಳನ್ನ ನಿರ್ಮಿಸ್ತಿದ್ದೆ ತಾನೆ ಆಗ?"

"ಅದಕ್ಕೆ ಬೇರೆ ಪ್ರಶಸ್ತಿ ಇದ್ರೆ ಅರ್ಜಿ ಹಾಕೋಣ ರೀ. ಈಗ ಬರೀರಿ."

ಗಂಡ ನಾಲ್ಕು ಸಾಲು ಬರೆದು ಸಹಿ ಹಾಕಿದ. ಚಿತ್ರವನ್ನು ತೆರೆದು ಅವಳ ಹೆಸರು ತೋರಿಸುವ ಕಾರ್ಡು ತೆಗೆದ. ತೆಗೆದದ್ದೇ ತಡ, ಕೊನೆಯ ಪಿಟೀಲು ಕಪ್ಪು ತೆರೆಯ ಮೇಲೆ ಒಂಟಿಯಾಗಿ ಕುಯ್ಯೆಂದಿತು. ಆ ನಾಲ್ಕು ಸೆಕೆಂಡಿಗೆಂದೇ ಕೂಡಿಸಿದ ಸಂಗೀತ ಅದು.

"ಯಾರದಾದ್ರೂ ಹೆಸರು ಬೇಕಲ್ಲಿ," ಎಂದ.

"ನಿಜವಾಗಿ ಮಾಡ್ದವರದ್ದು ಹಾಕಿ. ನಮ್ಮ ಕಟ್ಟಡದವರ ಹತ್ರ ಮೆಟ್ಟಿಲಿಗೆ ಒಪ್ಪಿಗೆ ತಂದವರು ಯಾರು?"

"ಅಮ್ಮ."

"ಮುನಿಸ್ಕೊಂಡು ಹೊರಟ ಆ ದಪ್ಪ ಮೀಸೆಯ ನಟನ್ನ ವಾಪಸ್ ಕರ್ಕೊಂಡು ಬಂದವರು?"

"ಅದೂ ಅಮ್ಮಾನೇ. ಕಿವಿ ಹಿಂಡಿ."

"ಹದಿನೆಂಟು ಜನಕ್ಕೆ ದಿನಾ ಊಟ?"

ಗಂಡ ಆಗಲೇ ಕಾರ್ಡಿನಲ್ಲಿ ಅಮ್ಮನ ಹೆಸರು ಬರೆಯತೊಡಗಿದ್ದ. ಹಸಿದವರಿಗೆ ಬಡಿಸುವ ಸದ್ದು, "ಕೈ ತೊಳ್ಕೊಂಡು ಬನ್ನಿ" ಎಂಬ ಗದರಿಕೆ, ಕುರ್ಚಿ ಎಳೆಯುವ ಸದ್ದು: ಗೋಡೆಯ ಈಚೆ ಮಲಗಿ ಇವೆಲ್ಲವನ್ನೂ ಅವಳು ಕೇಳಿದ್ದಳು. ಏಳು ವರ್ಷದಲ್ಲಿ ಒಮ್ಮೆಯೂ ಅದು ಚಿತ್ರದ ಸದ್ದು ಎಂದು ಅವಳಿಗೆ ಅನಿಸಿರಲಿಲ್ಲ.

ಅತ್ತೆ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಒಣಹಾಕುತ್ತಿದ್ದರು. ಎಪ್ಪತ್ತೆರಡು ವಯಸ್ಸು, ಬಾಯಲ್ಲಿ ಎರಡು ಕ್ಲಿಪ್ಪು. ಕರೆದಾಗ ಕ್ಲಿಪ್ಪಿನ ಸಮೇತ ಬಂದು ನಿಂತರು. ಅವರ ಹೆಸರಿನ ಕಾರ್ಡು ಬಂತು, ಪಿಟೀಲಿನೊಡನೆ ಹೋಯಿತು.

ಅತ್ತೆ ಕ್ಲಿಪ್ಪು ತೆಗೆದರು. "ಇಷ್ಟೇನಾ?"

"ನಾಲ್ಕು ಸೆಕೆಂಡು ಅಮ್ಮ."

"ಇಪ್ಪತ್ತೆರಡು ದಿನ ಅಡುಗೆ ಮಾಡಿದ್ದಕ್ಕೆ ನಾಲ್ಕು ಸೆಕೆಂಡಾ?"

"ಸಂಗೀತ ಅಷ್ಟೇ ಇರೋದು."

"ಆ ಸಂಗೀತದ ದಡಿಯನಿಗೆ ಎರಡೆರಡು ಸಲ ಬಡಿಸಿದ್ದೆ," ಎಂದು ಅತ್ತೆ ಸೊಸೆಯತ್ತ ತಿರುಗಿದರು. "ನಿನ್ನ ಹೆಸರು ಹೋಯ್ತಲ್ಲಮ್ಮ, ಬೇಜಾರಿಲ್ವಾ?"

"ಇದೆ ಅತ್ತೆ," ಎಂದಳು ಅವಳು. "ಆದ್ರೆ ಅದು ನಂದಲ್ಲ."

"ಇನ್ನೊಂದ್ಸಲ ಹಾಕು," ಎಂದರು ಅತ್ತೆ ಮಗನಿಗೆ. ಮೂರು ಸಲ ನೋಡಿ ಬಟ್ಟೆಯ ಬಳಿಗೆ ಹಿಂತಿರುಗಿದರು.

ಗುರುವಾರ ನಾಲ್ಕೂವರೆಗೆ ಅವಳು ಪ್ರತಿಯನ್ನೂ ಪತ್ರವನ್ನೂ ಕಚೇರಿಯ ಕಿಟಕಿಯಲ್ಲಿ ಕೊಟ್ಟು ಬಂದಳು. ಗುಮಾಸ್ತೆ ಮುದ್ರೆ ಒತ್ತಿದಳು, ಮುಖ ಎತ್ತಲಿಲ್ಲ. ಮೂರು ವಾರದ ನಂತರ ಪ್ರಶಸ್ತಿ ಅವಳಿಗೇ ಬಂತು. ಫಲಕ ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಕೋಣೆಯ ಬೀಗದ ಕೈ ಮಾತ್ರ ಭಾರವಾಗಿತ್ತು.

ಎಡಿಟಿಂಗ್ ಕೋಣೆಗೆ ಹೋಗುವ ಮೊದಲ ದಿನ ಅತ್ತೆಯೂ ಊಟದ ಡಬ್ಬಿ ಹಿಡಿದು ಹೊರಟರು. ಕಿಟಕಿಯಿಲ್ಲದ ಕೋಣೆ, ಎರಡು ಕುರ್ಚಿ, ದೊಡ್ಡ ಪರದೆ. ಸೊಸೆ ಡಿಸ್ಕುಗಳನ್ನು ಒಂದೊಂದಾಗಿ ಜೋಡಿಸಿದಳು. ಒಂದರ ತಂತಿಗೆ ಸ್ವೆಟರಿನ ನೂಲು ಸುತ್ತಿಕೊಂಡಿತ್ತು. ಅತ್ತೆ ಅದನ್ನು ಬಿಡಿಸಿ ಕೊಟ್ಟರು.

"ಅತ್ತೆ, ಈ ಚಿತ್ರಕ್ಕೂ ನೀವೇ ಅಡುಗೆ ಮಾಡಿದ್ದು. ನನ್ನ ಜೊತೆ ನಿಮ್ಮ ಹೆಸರೂ ಹಾಕ್ತೀನಿ."

ಅತ್ತೆ ಕನ್ನಡಕ ಏರಿಸಿಕೊಂಡು ಗೋಡೆಗೆ ಅಂಟಿಸಿದ್ದ ಪ್ರಶಸ್ತಿಯ ನಿಯಮಗಳನ್ನು ಮೇಲಿಂದ ಕೆಳಗೆ ಓದಿದರು.

"ಬೇಡ. ಎರಡಕ್ಕಿಂತ ಹೆಚ್ಚಾದ್ರೆ ಪ್ರಶಸ್ತಿಗೆ ಸೇರಿಸಲ್ವಂತೆ. ವಯಸ್ಸಿನ ಮಾತು ಎಲ್ಲೂ ಇಲ್ಲ," ಎಂದು ಡಬ್ಬಿಯ ಮುಚ್ಚಳ ತೆಗೆದರು. "ನಾನೂ ಅರ್ಜಿ ಹಾಕೋವರೆಗೆ ನಂಗೆ ಒಂದೇ ಇರ್ಲಿ. ದುಡುಕಿ ಎಲ್ಲಾ ಮುಗಿಸ್ಕೊಳ್ಳೋದು ಯಾಕೆ? ಬಾ, ಊಟ ಆರಿಹೋಗುತ್ತೆ."