ಅಪಘಾತವಿಲ್ಲದ ೩೬೪ ದಿನ

ಮೊನಾಸ್ತೀರ್ ಪಟ್ಟಣದ ಹೊರಗೆ ಜೀನ್ಸ್ ತೊಳೆದು ಬಣ್ಣ ಹಾಕುವ ಆ ಕಾರ್ಖಾನೆಯ ಬಾಗಿಲಲ್ಲಿ ಒಂದು ಹಲಗೆಯಿದೆ: ‘ಅಪಘಾತವಿಲ್ಲದ ದಿನಗಳು’. ದಿನಾ ಅದರ ಅಂಕಿ ಬದಲಿಸುವುದು ಮಬ್ರೂಕಳ ಕೆಲಸ. ಆ ಬೆಳಿಗ್ಗೆ ೩೬೪ ಎಂದು ಬರೆದು ತನ್ನ ಕೈಗೇ ಶಾಪ ಹಾಕಿಕೊಂಡಳು. ಮೂರು ದಿನದ ಹಿಂದೆ ಕೊಳವೆ ಒಡೆದು, ಕುದಿಯುವ ಕಾಸ್ಟಿಕ್ ಸೋಡಾ ನೀರು ಅವಳ ತಮ್ಮ ಲಝಹರನ ಕಾಲುಗಳ ಮೇಲೆ ಸುರಿದಿತ್ತು.

ಗಾಯಾಳು ಕೆಲಸಕ್ಕೆ ಬಂದರೆ ಅದು ಅಪಘಾತವೇ ಅಲ್ಲ ಎಂಬುದು ಮ್ಯಾನೇಜರ್ ನಜೀಬನ ಲೆಕ್ಕ. ದಿನಾ ಕಾರು ಕಳಿಸಿ, ಲಝಹರನನ್ನು ಮೂಟೆಯಂತೆ ಹೊರಿಸಿ ತಂದು, ಉಗ್ರಾಣದಲ್ಲಿ ಕೂರಿಸಿ ಹಾಜರಿ ಹಾಕಿಸುತ್ತಿದ್ದ. ನಾಳೆ ಇಟಲಿಯ ಖರೀದಿದಾರರ ಕಡೆಯವರು ಬರುತ್ತಾರೆ. ಪರಿಸರ, ಕೆಲಸಗಾರರ ಕ್ಷೇಮ, ಪಾರದರ್ಶಕ ಆಡಳಿತ, ಮೂರಕ್ಕೂ ಅಂಕ ಕೊಡುತ್ತಾರಂತೆ, ಮಹಾನುಭಾವರು! ವರ್ಷ ತುಂಬಿದರೆ ಪಾಳಿಯ ಒಬ್ಬೊಬ್ಬನಿಗೂ ಬಕ್ರೀದಿಗೆ ಒಂದೊಂದು ಟಗರು ಎಂದು ನಜೀಬ ಆಸೆ ಹಚ್ಚಿದ್ದ. ಬಡವರ ಬಾಯಿ ಮುಚ್ಚಿಸುವುದು ಇಷ್ಟು ಸುಲಭ.

ಮಬ್ರೂಕ ಉಗ್ರಾಣಕ್ಕೆ ಹೋಗಿ ತಮ್ಮನ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಗಬ್ಬು ವಾಸನೆ ಹೊಡೆಯಿತು. ಮೊಣಕಾಲಿನ ಕೆಳಗೆ ಮಾಂಸ ಕಪ್ಪಾಗಿತ್ತು, ಮೈ ಕೆಂಡದಂತೆ ಸುಡುತ್ತಿತ್ತು.

“ಏಳೋ, ಆಸ್ಪತ್ರೆಗೆ ಹೋಗೋಣ.”

“ಇನ್ನೊಂದೇ ದಿನ ತಡ್ಕೋ ಅಕ್ಕಾ. ಮಕ್ಕಳು ಟಗರಿಗೆ ಹೆಸರೂ ಇಟ್ಬಿಟ್ಟಿವೆ.”

“ಕಾಲು ಕೊಳೀತಿದೆ ಕಣೋ, ಮುಠ್ಠಾಳ!”

ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಎಬ್ಬಿಸಿದಳು. ಬಾಗಿಲಲ್ಲಿ ಪಾಳಿಯ ಮೇಸ್ತ್ರಿ, ಚಿಕ್ಕಪ್ಪನ ಮಗ ತಿಜಾನಿ ನಿಂತಿದ್ದ. ಹಿಂದೆ ಹತ್ತು ಜನ.

“ಎಲ್ಲಿಗಕ್ಕಾ ಮೆರವಣಿಗೆ? ಒಳಗೆ ಕೂರ್ಸು ಅವನ್ನ.”

“ದಾರಿ ಬಿಡೋ ತಿಜಾನಿ. ಸಾಯ್ತಾನೆ.”

“ನಾಳೆ ಮಧ್ಯಾಹ್ನ ನಾನೇ ಕರ್ಕೊಂಡು ಹೋಗ್ತೀನಿ. ಎಲ್ಲರ ಹಬ್ಬಕ್ಕೂ ಮಣ್ಣು ಹಾಕ್ಬೇಡ.”

ಅವಳು ನುಗ್ಗಿದಳು. ತಿಜಾನಿ ದೂಡಿದ ಏಟಿಗೆ ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿದು ರಕ್ತ ಕಣ್ಣಿಗಿಳಿಯಿತು. ಲಝಹರ ನೆಲಕ್ಕೆ ಬಿದ್ದು ಚೀರಿದ. ಯಾವನೋ ಅವಳ ಹೊಟ್ಟೆಗೆ ಒದ್ದ. ಮದುವೆಮನೆಗಳಲ್ಲಿ ಇವಳೇ ಬಡಿಸಿದ ಕುಸ್‌ಕುಸ್ ತಿಂದು ಬೆಳೆದ ನಾಯಿಗಳು! ತೆವಳುತ್ತಿದ್ದವಳ ಕೈಗೆ ದೊಡ್ಡ ಸ್ಪ್ಯಾನರ್ ಸಿಕ್ಕಿತು. ಎದ್ದವಳೇ ತಿಜಾನಿಯ ಮುಂಗೈಗೆ ಬೀಸಿದಳು. ಮೂಳೆ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಅವನು ಕೈ ಹಿಡಿದು ಕುಸಿದ.

“ಈಗ ಅಪಘಾತ ಎರಡಾಯ್ತು,” ಎಂದಳು ರಕ್ತ ಉಗಿಯುತ್ತ. “ಇನ್ಯಾವನಿಗೆ ಟಗರು ಬೇಕು? ಬನ್ರೋ!”

ಯಾರೂ ಬರಲಿಲ್ಲ. ತಲೆ ತಗ್ಗಿಸಿ ದಾರಿ ಬಿಟ್ಟರು. ಹೊಟ್ಟೆಗೆ ಒದ್ದವನೇ ಕೊನೆಗೆ ವ್ಯಾನ್ ತಂದ.

ಆಸ್ಪತ್ರೆಯಲ್ಲಿ ವೈದ್ಯೆ ಕಾಲುಗಳನ್ನು ನೋಡಿ ಮುಖ ಗಂಟಿಕ್ಕಿದಳು. “ಎಡಗಾಲು ಉಳಿಯಲ್ಲ. ಮೊಣಕಾಲಿನ ಮೇಲೆ ತೆಗೀಬೇಕು. ಇದು ಹೇಗಾಯ್ತು?”

ಲಝಹರ ಅಕ್ಕನ ಮುಖ ನೋಡಿ, ಒಣಗಿದ ತುಟಿ ಸವರಿಕೊಂಡ. “ಮನೇಲಿ... ಕಾದ ಎಣ್ಣೆ ಬಿತ್ತು ಡಾಕ್ಟ್ರೇ.”

ಮಬ್ರೂಕ ಅವನ ಕೆನ್ನೆಗೆ ಛಟೀರನೆ ಬಾರಿಸಿದಳು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು.

“ಫ್ಯಾಕ್ಟರೀಲಿ ಅಂತ ಬರ್ಕೊಳ್ಳಿ,” ಎಂದಳು. “ಮೂರು ದಿನದ ಹಿಂದೆ. ಅಪಘಾತ ಆಗಿಲ್ಲ ಅಂತ ದಿನಾ ಬರೆದವಳು ನಾನೇ.”

ಹೇಳಿದ ಮೇಲೆ, ಹೊಡೆದ ಕೆನ್ನೆಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.